ಸೋಮವಾರದ ಬಟ್ಟಲು

ಶನಿವಾರ, ಜೂನ್ 8

ಇವತ್ತು ಚರ್ಚಿನ ಸಭಾಂಗಣದಲ್ಲಿ ಕಡ್ಡಿ ಮುರಿದಂತೆ ಹೇಳಿ ಬಂದಿದ್ದೇನೆ. ಬಾಲಕಿಯರ ದಳದ ಯಾವ ಹುಡುಗಿಯ ಸದಸ್ಯತ್ವದ ಶುಲ್ಕ ಈ ತಿಂಗಳ ಕೊನೆಯ ಶನಿವಾರದೊಳಗೆ ಪೂರ್ತಿ ಬರುವುದಿಲ್ಲವೋ ಅವಳ ಹೆಸರು ಪ್ರಾಂತ ಕಚೇರಿಗೆ ಹೋಗುವುದಿಲ್ಲ. ಹೆಸರು ಹೋಗದಿದ್ದರೆ ಟೋಪಿ ವಾಪಸ್. ಟೋಪಿ ಇಲ್ಲದವರು ಜುಲೈ ಕೊನೆಯ ಜುಬಿಲಿ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. ಅಳಲಿ, ಕೂಗಾಡಲಿ, ಪಾದ್ರಿಗಳ ಮನೆ ಬಾಗಿಲು ಬಡಿಯಲಿ, ನಾನು ಬಗ್ಗುವವಳಲ್ಲ.

ಶುಲ್ಕ ಒಂದೇ ಏಟಿಗೆ ಎರಡರಷ್ಟಾಗಿದೆ, ತಲೆಗೆ ನೂರಿಪ್ಪತ್ತು ಸೆಡಿ. ಏರಿಸಿದ್ದು ನಾನಲ್ಲ. ಆದರೆ ವಸೂಲಿ ಮಾಡುವವಳು ನಾನು, ಆದ್ದರಿಂದ ಬೈಗುಳವೂ ನನಗೇ. ಹೋದ ವರ್ಷ ಪಾಪ ಎಂದು ಸುಮ್ಮನಿದ್ದೆ. ಕೊಡದವರ ಪಾಲಿಗೆ ಡ್ರಮ್ ರಿಪೇರಿಗೆ ಇಟ್ಟ ಹಣವನ್ನೆಲ್ಲ ಸುರಿಯಬೇಕಾಯಿತು. ಅಷ್ಟಾದರೂ ಸಾಲದೆ, ಕೇಪ್‌ಕೋಸ್ಟಿನ ಪ್ರಾಂತ ಸಭೆಯಲ್ಲಿ ಎಲ್ಲ ಕ್ಯಾಪ್ಟನ್‌ಗಳ ಎದುರು ನಮ್ಮ ಬಾಲಕಿಯರ ದಳದ ಹೆಸರನ್ನು ಬಾಕಿದಾರರ ಜೊತೆ ಓದಿದರು. ಆ ದಿನ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಬಣ್ಣ ಕೂಡ ನೆನಪಿದೆ. ಇನ್ನೊಮ್ಮೆ ಅದರಲ್ಲಿ ಕೂರಲಾರೆ.

ಅವಳಿಗಳ ತಾಯಿ ಬಾಸಿವಾ ಎದ್ದು ನಿಂತು, "ಕ್ಯಾಪ್ಟನ್, ನನ್ನವೆರಡೂ ಒಂದೇ ಹೊಟ್ಟೇಲಿ ಒಂದೇ ದಿನ ಬಂದಿದ್ದು. ಆಸ್ಪತ್ರೆಯೋರು ಕೂಡ ಒಂದೇ ಬಿಲ್ ಹಾಕಿದ್ರು" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರೂ ಅದೇ ದಾರಿ ಹಿಡಿಯುತ್ತಾರೆ. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಅಷ್ಟು ಗೊತ್ತಿದೆ.

ಭಾನುವಾರ, ಜೂನ್ 9

ಕೋಫಿ-ನಾ-ಆಮಾ ಕಾಣಿಕೆ ಇವತ್ತೂ ಇತ್ತು. ಜುಬಿಲಿಗೆ ಚಾವಣಿ ಹೊಸದಾಗಬೇಕೆಂದು ಈಸ್ಟರ್ ಕಳೆದ ಮೇಲೆ ಪ್ರತಿ ಭಾನುವಾರ ಇಡುತ್ತಿದ್ದಾರೆ. ವಾರದ ಏಳು ದಿನಕ್ಕೆ ಏಳು ಬಟ್ಟಲು. ಯಾರು ಯಾವ ವಾರ ಹುಟ್ಟಿದರೋ ಆ ವಾರವನ್ನು ಕೂಗಿದಾಗ ಕರವಸ್ತ್ರ ಬೀಸುತ್ತ, ಕುಣಿಯುತ್ತ ಹೋಗಿ ತಮ್ಮ ಬಟ್ಟಲಿಗೆ ಹಾಕಬೇಕು. ಕೊನೆಗೆ ಗೆದ್ದ ವಾರದ ಹೆಸರು ಕೂಗುತ್ತಾರೆ. ಶುಲ್ಕ ಎಂದರೆ ಮುಖ ಕಿವುಚುವವರು ಇಲ್ಲಿ ಮಾತ್ರ ಜಿದ್ದಿಗೆ ಬಿದ್ದು ಹಾಕುತ್ತಾರೆ. ನಾನು ಬುಧವಾರದ ಎಕುವಾ, ನಮ್ಮ ಸಾಲು ಯಾವಾಗಲೂ ಹಿಂದೆ. ನನ್ನ ಗಂಡ ಕ್ವೇಸಿ ಭಾನುವಾರದವನು, ಬುಧವಾರದವರ ಮುಷ್ಟಿ ಬಿಚ್ಚಲು ಸುತ್ತಿಗೆ ಬೇಕು ಎಂದು ಇಡೀ ವಾರ ಹೇಳಿಕೊಂಡು ತಿರುಗುತ್ತಾನೆ.

ಇವತ್ತಿನ ತಮಾಷೆ ಎಂದರೆ ಮೆಕ್ಕೆಜೋಳದ ಕಡುಬು ಕೆಂಕೆ ಮಾರುವ ಮುದುಕಿ ನಾನಾ ಎಸಿ. ನಾನಾ ಎಂದರೆ ಅಜ್ಜಿ, ಎಸಿ ಎಂದರೆ ಭಾನುವಾರ ಹುಟ್ಟಿದವಳು. ಅವಳು ಸೋಮವಾರದವರ ಸಾಲಿನಲ್ಲಿ ಸೊಂಟ ಕುಣಿಸಿಕೊಂಡು ಹೋದಳು. ಹೋದ ವಾರವೂ ಹಾಗೇ ಮಾಡಿದಳಂತೆ. "ನಮ್ಮ ಮುದುಕಿ ಪಕ್ಷಾಂತರ ಮಾಡಿದಾಳೆ ನೋಡು" ಎಂದು ಕ್ವೇಸಿ ಕಿವಿಯಲ್ಲಿ ಉಸುರಿದ. ಕೀರ್ತನೆ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ನಕ್ಕೆ. ಅವಳು ತಿರುಗಿ ನನ್ನನ್ನೇ ನೋಡಿದಳು, ತಾನೂ ನಕ್ಕಳು. ಹೊರಗೆ ಬಂದಾಗ ಸೋಮವಾರದವರ ಮುಖಂಡ ಬೆಂಟಿಲ್ ಇನ್ನೊಂದು ಸುದ್ದಿ ಹೇಳಿದ: ಅವರ ಬಟ್ಟಲಿನಲ್ಲಿ ಪ್ರತಿ ವಾರ ಕೆಂಕೆ ಸುತ್ತುವ ಒಣ ಬಾಳೆ ಎಲೆ ಸಿಗುತ್ತದೆಯಂತೆ, ನೀವು ಬಟ್ಟಲಲ್ಲೇ ಊಟ ಮಾಡುತ್ತೀರಾ ಎಂದು ಎಣಿಸುವವರು ಕೇಳುತ್ತಾರಂತೆ.

ಮುದುಕಿಯ ಮೊಮ್ಮಗಳು ನಮ್ಮ ದಳದಲ್ಲಿ ದೊಡ್ಡ ಡ್ರಮ್ ಹೊಡೆಯುವವಳು. ಅವಳಿಂದ ಶುಲ್ಕವೆಂದು ಒಂದು ಕಾಸೂ ಬಂದಿಲ್ಲ. ಬಟ್ಟಲಿಗೆ ಕುಣಿಯಲು ದುಡ್ಡಿದೆ, ಮಗುವಿಗೆ ಕಟ್ಟಲು ಇಲ್ಲ.

ಶನಿವಾರ, ಜೂನ್ 22

ದೊಡ್ಡ ಡ್ರಮ್ಮಿನ ಹುಡುಗಿಯನ್ನು ಸಾಲಿನಿಂದ ಮುಂದೆ ಕರೆದು ಕೇಳಿದೆ. "ನಾನಾ ಕೊಟ್ಟಿದೀನಿ ಅಂದ್ರು, ಕ್ಯಾಪ್ಟನ್" ಎಂದಳು. ಯಾರ ಕೈಗೆ ಎಂದೆ. ಗೊತ್ತಿಲ್ಲವಂತೆ, ಎಲ್ಲರ ಎದುರಿಗೇ ಕೊಟ್ಟಿದ್ದಾರಂತೆ. ನಾನು ಪ್ರತಿ ಶನಿವಾರ ಇದೇ ಮೇಜಿನ ಹಿಂದೆ ರಸೀದಿ ಪುಸ್ತಕ ಹಿಡಿದು ಕೂತಿರುತ್ತೇನೆ, ನನ್ನ ಕಣ್ಣಿಗೆ ಬೀಳದೆ ಎಲ್ಲರ ಎದುರಿಗೆ ಹೇಗೆ ಕೊಡುತ್ತಾರೆ? ಹಣ ಇಲ್ಲದಿದ್ದರೆ ಇಲ್ಲ ಎನ್ನಬೇಕು, ಸುಳ್ಳು ಹೇಳುವವರು ಈ ಸಮವಸ್ತ್ರಕ್ಕೆ ಲಾಯಕ್ಕಲ್ಲ ಎಂದೆ. ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಆಮೇಲೆ ಅಭ್ಯಾಸದಲ್ಲಿ ಅವಳ ಪೆಟ್ಟು ಎರಡು ಸಲ ತಪ್ಪಿತು. ಇದೇ ಮೊದಲು.

ಶನಿವಾರ, ಜೂನ್ 29

ಆರು ಹೆಸರು ಹೊಡೆದು ಹಾಕಿದೆ.

ಬಾಸಿವಾ ಒಬ್ಬಳ ಶುಲ್ಕ ಮಾತ್ರ ತಂದಿದ್ದಳು. ಅವಳಿಗಳು ಒಂದೊಂದು ವಾರ ಒಬ್ಬೊಬ್ಬಳಂತೆ ಬರಲಿ, ಮುಖ ಒಂದೇ ಥರ ಇದೆ, ಯಾರಿಗೆ ಗೊತ್ತಾಗುತ್ತದೆ ಎಂದಳು. ಆಗುವುದಿಲ್ಲ ಎಂದೆ. ಯಾರ ಹೆಸರಿಗೆ ಬರೆಯಲಿ ಎಂದಾಗ ತುಂಬ ಹೊತ್ತು ಇಬ್ಬರನ್ನೂ ನೋಡಿ, ದೊಡ್ಡವಳು ಪನ್ಯಿನ್ ಎಂದಳು. ಚಿಕ್ಕವಳು ಕಾಕ್ರಾ ಟೋಪಿ ತೆಗೆದು ಮೇಜಿನ ಮೇಲಿಟ್ಟು ಅಕ್ಕನ ಪಕ್ಕದಲ್ಲೇ ಹೋಗಿ ನಿಂತಳು. ಹೊರಗೆ ಹೋಗು ಎಂದು ಎರಡು ಸಲ ಹೇಳಬೇಕಾಯಿತು.

ಉಳಿದವರ ಟೋಪಿಗಳು ಬೆವರಿನ ಕಲೆಯೊಂದಿಗೆ ಬಂದವು. ದೊಡ್ಡ ಡ್ರಮ್ಮಿನ ಹುಡುಗಿಯದು ಮಾತ್ರ ಒಗೆದು, ಇಸ್ತ್ರಿ ಮಾಡಿ, ಹಳೆ ಪತ್ರಿಕೆಯಲ್ಲಿ ಸುತ್ತಿ ಬಂತು. ಹೀಗಾಗುತ್ತದೆ ಎಂದು ಮನೆಯಿಂದಲೇ ತಯಾರಾಗಿ ಬಂದಿದ್ದಳು. ಅಳಲಿಲ್ಲ. ಸೆಲ್ಯೂಟ್ ಹೊಡೆದು ಹೋದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸೋಮವಾರ, ಜುಲೈ 1

ಶಾಲೆಯಿಂದ ಬರುವಷ್ಟರಲ್ಲಿ ಮುದುಕಿ ಜಗಲಿಯ ಮೇಲೆ ಕೂತಿದ್ದಳು. ಇವತ್ತಿನಿಂದ ಒಂದು ತಿಂಗಳು ಮೀನುಗಾರಿಕೆಗೆ ಸರ್ಕಾರದ ನಿಷೇಧ, ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದೆ ಕೆಂಕೆ ಯಾರು ತಿನ್ನುತ್ತಾರೆ, ಅದಕ್ಕೇ ಬಿಡುವಾಗಿ ಬಂದಿದ್ದಾಳೆ ಎಂದುಕೊಂಡೆ. ನೀರು ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟಳು.

"ಟೀಚರಮ್ಮ, ನನ್ನ ಮಗೂನ ಸುಳ್ಳುಗಾರ್ತಿ ಅಂದ್ರಂತೆ."

ರಸೀದಿ ತೋರಿಸಿದರೆ ಈ ಕ್ಷಣವೇ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

"ದೇವರ ಎದುರಿಗೆ ಕೊಟ್ಟಿದ್ದಕ್ಕೆ ಚೀಟಿ ಬೇಕಾ? ನೀವೂ ಅಲ್ಲೇ ಇದ್ರಿ. ನನ್ನ ನೋಡಿ ನಕ್ರಿ ಕೂಡ."

ನನ್ನ ಕೈಗೆ ಬರದದ್ದು ಬಂದಿಲ್ಲ ಎಂದೆ. ನಿಮ್ಮ ಕೈಗೆ ತಂದುಕೊಡೋಕೆ ನಾನೇನು ನಿಮ್ಮ ಸಾಲ ತಿಂದಿದೀನಾ ಎಂದು ಕೇಳಿ ಎದ್ದಳು. ವಯಸ್ಸಾಗಿದೆ, ಏನೋ ಕಲಸಿಕೊಂಡಿದ್ದಾಳೆ, ಯಾವ ವಾರ ಹುಟ್ಟಿದ್ದು ಎನ್ನುವುದೇ ಮರೆತವಳು ಎಂದು ಕ್ವೇಸಿಗೆ ಹೇಳಿದೆ. ಅವನು ಆ ನೀರಿನ ಲೋಟವನ್ನು ಒಳಗೆ ತೆಗೆದುಕೊಂಡು ಹೋದ.

ಶನಿವಾರ, ಜುಲೈ 6

ಅಭ್ಯಾಸ ಕೆಟ್ಟು ಹೋಯಿತು. ದೊಡ್ಡ ಡ್ರಮ್ಮಿಗೆ ಹಾಕಿದ ಹೊಸ ಹುಡುಗಿ ಒರಳಲ್ಲಿ ಫುಫು ಮುದ್ದೆ ಕುಟ್ಟಿದ ಹಾಗೆ ಕುಟ್ಟುತ್ತಾಳೆ. ಪನ್ಯಿನ್ ಕಾಲು ತಪ್ಪುತ್ತಲೇ ಇದ್ದಳು. ಅವಳ ತಂಗಿ ಕಿಟಕಿಯ ಆಚೆ ನಿಂತು ಸರಿಯಾಗಿ ಹೆಜ್ಜೆ ಹಾಕುತ್ತಿದ್ದಳು.

ಮಂಗಳವಾರ, ಜುಲೈ 9

ಕೆಂಕೆ ಕೊಳ್ಳಲು ನಾನೇ ಹೋದೆ. ಹಾಗೆ ನೋಡಿದರೆ ಬೇರೆ ಅಂಗಡಿ ಹತ್ತಿರವಿದೆ, ಯಾಕೆ ಅಲ್ಲಿಗೇ ಹೋದೆನೋ ತಿಳಿಯದು. ಹಂಡೆಯಿಂದ ಹಬೆ ಏಳುತ್ತಿತ್ತು. ಮುಗೀತು ಎಂದಳು ನಾನಾ ಎಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ನಾನು ತಿರುಗುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದವಳಿಗೆ ನಾಲ್ಕು ತೆಗೆದು ಕೊಟ್ಟಳು.

ಒಣ ಎಲೆ ಒರೆಸುತ್ತ ಕೂತಿದ್ದ ಅವಳ ಮೊಮ್ಮಗಳು ಮನ್ಸಾ ನನ್ನನ್ನು ಕಂಡು ಎದ್ದು ನೆಟ್ಟಗೆ ನಿಂತಳು, ನಾನು ಕಲಿಸಿದ ಹಾಗೇ, ಹಿಮ್ಮಡಿ ಜೋಡಿಸಿ. ಖಾಲಿ ಚೀಲ ಹಿಡಿದು ಮನೆಗೆ ಬಂದೆ.

ಈ ಕರಾವಳಿಯಲ್ಲೇ ಕೆಂಕೆಯಿಂದ ವಜಾ ಆದ ಮೊದಲ ಕ್ಯಾಪ್ಟನ್ ನೀನು ಎಂದು ಕ್ವೇಸಿ ನಕ್ಕ. ಅವನ ಮೇಲೆ ಸೌಟು ಎಸೆದೆ.

ಭಾನುವಾರ, ಜುಲೈ 14

ಬರೆಯಲು ಕೂತು ಬಹಳ ಹೊತ್ತಾಯಿತು.

ಕಾಣಿಕೆಯಲ್ಲಿ ಸೋಮವಾರದವರು ಇವತ್ತು ಕಟ್ಟಕಡೆಗೆ ಬಿದ್ದರು. ಈಸ್ಟರಿನಿಂದ ಮೇಲೇ ಇದ್ದವರು. ಹೊರಗೆ ಬೆಂಟಿಲ್ ಹಣೆ ಚಚ್ಚಿಕೊಳ್ಳುತ್ತಿದ್ದ. "ನಮ್ಮ ಅದೃಷ್ಟಾನೇ ಹೊರಟುಹೋಯ್ತು ಅನ್ನಿ. ಮುದುಕಿ ಬರೋದು ಬಿಟ್ಳು, ಎಲೆ ಪೊಟ್ಟಣಾನೂ ನಿಂತೋಯ್ತು."

ಯಾವ ಪೊಟ್ಟಣ ಎಂದೆ.

ಅವನು ಹೇಳಿದ್ದಿಷ್ಟು. ಆ ಎಲೆ ಕಸವಲ್ಲ. ಅದರೊಳಗೆ ಪ್ರತಿ ವಾರ ಹತ್ತು ಸೆಡಿಯ ನೋಟೊಂದು ಮಡಿಸಿ ಇರುತ್ತಿತ್ತು, ಎಣಿಸುವವರು ಬಿಚ್ಚಿ ನೋಡಿದ್ದರು. ಬಟ್ಟಲಿಗೆ ಹಾಕುವಾಗ ನಾನಾ ಎಸಿ ಪ್ರತಿ ಸಲ ಇದು ನನ್ನ ಮನ್ಸಾನ ಡ್ರಮ್ಮಿಗೆ ಎನ್ನುತ್ತಿದ್ದರು. ಏನೋ ಹರಕೆ ಇರಬೇಕು ಎಂದು ಇವನು ಸುಮ್ಮನಿದ್ದ. ನಿಮ್ಮ ಬಟ್ಟಲಿಗೇ ಯಾಕೆ, ಅವರು ಭಾನುವಾರದವರಲ್ಲವೇ ಎಂದೆ. ಅವನು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದ. "ಹುಡುಗಿ ಸೋಮವಾರದೋಳಲ್ವಾ, ಟೀಚರೇ? ಅಜೋವಾ ಮನ್ಸಾ. ಮಗೂನ ದುಡ್ಡು ಮಗೂನ ಬಟ್ಟಲಿಗೇ ತಾನೆ ಹಾಕ್ಬೇಕು."

ಈಸ್ಟರ್ ಕಳೆದ ಮೊದಲ ಭಾನುವಾರ ಹೊಸ ಶುಲ್ಕದ ಪ್ರಕಟಣೆ ಓದಿದವಳು ನಾನೇ. ಇವತ್ತಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು, ಮಕ್ಕಳ ಭಾಗ್ಯ, ಸಂತೋಷದಿಂದ ಕೊಡಿ ಎಂದೆ. ಹೇಳಿ ಕೂತೆ. ಕೂತ ತಕ್ಷಣ ಏಳು ಬಟ್ಟಲು ತಂದಿಟ್ಟರು, ಬ್ಯಾಂಡ್ ಶುರುವಾಯಿತು. ಮಕ್ಕಳು ಆ ಹೊತ್ತಿಗೆ ತಮ್ಮ ಭಾನುವಾರದ ಪಾಠಕ್ಕೆ ಹೋಗಿರುತ್ತಾರೆ, ಆದ್ದರಿಂದ ಅಜ್ಜಿ ದುಡ್ಡು ಎಲ್ಲಿ ಹಾಕುತ್ತಾರೆಂದು ಮನ್ಸಾಗೂ ತಿಳಿಯಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಸ್ಪಷ್ಟವಾಗಿಯೇ ಹೇಳಿದ್ದೆ. ಶನಿವಾರ ಸಭಾಂಗಣದ ಮೇಜಿಗೆ ತರಬೇಕು ಎಂದು ಹೇಳಿದೆನೇ? ಹೇಳಿರಬೇಕು. ಹೇಳಿದ ನೆನಪಿಲ್ಲ.

ವಾರಕ್ಕೆ ಹತ್ತರಂತೆ ಗಡುವಿನೊಳಗೆ ಹನ್ನೆರಡು ವಾರ, ಸರಿಯಾಗಿ ನೂರಿಪ್ಪತ್ತು. ಒಂದು ವಾರವೂ ತಪ್ಪಿಸಿಲ್ಲ ಅವರು.

ಮಂಗಳವಾರ, ಜುಲೈ 16

ಚರ್ಚಿನ ಖಜಾಂಚಿ ಅಮಿಸಾ ಅವರನ್ನು ಕಂಡೆ. ಪೂರ್ತಿ ಕೇಳಿಸಿಕೊಂಡರು. ಬಟ್ಟಲಿಗೆ ಬಿದ್ದದ್ದು ದೇವರದ್ದು, ಕೊಟ್ಟದ್ದನ್ನು ದೇವರ ಹತ್ತಿರ ವಾಪಸ್ ಕೇಳುವ ಪದ್ಧತಿ ಇಲ್ಲ ಎಂದರು. ಹಣ ಆಗಲೇ ಚಾವಣಿಯ ತಗಡಾಗಿದೆಯಂತೆ. ಹಾಗಾದರೆ ಮನ್ಸಾಳ ತಗಡು ಯಾವುದು ತೋರಿಸಿ, ಬಿಚ್ಚಿಕೊಂಡು ಹೋಗುತ್ತೇನೆ ಎಂದೆ. ಅವರಿಗೆ ನಗು ಬರಲಿಲ್ಲ. ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಊರೇ ಬಂದು ಕೈಯೊಡ್ಡುತ್ತದೆ, ನಿಮಗೆ ನಾನು ಹೇಳಬೇಕೇ ಎಂದರು.

ನೀವೇ ಸದ್ದಿಲ್ಲದೆ ಕಟ್ಟಿಬಿಡಿ ಎಂಬ ಸಲಹೆಯೂ ಬಂತು. ಕ್ವೇಸಿಯದೂ ಅದೇ ಮಾತು, ಕೊಟ್ಟು ಕೈ ತೊಳ್ಕೋ ಎನ್ನುತ್ತಾನೆ.

ಗುರುವಾರ, ಜುಲೈ 18

ನೂರಿಪ್ಪತ್ತು ಸೆಡಿ ಕೈಚೀಲದಲ್ಲಿಟ್ಟುಕೊಂಡು ನಾನಾ ಎಸಿಯವರ ಮನೆಗೆ ಹೋದೆ. ಮನೆಗೆ ಬಂದವರಿಗೆ ಯಾರೇ ಆದರೂ ಮೊದಲು ನೀರು ಕೊಡುತ್ತಾರೆ. ನನಗೆ ಕೊಡಲಿಲ್ಲ. ಎಲ್ಲ ತಿಳಿಯಿತು, ಮನ್ಸಾಳ ಶುಲ್ಕ ನಾನು ತುಂಬುತ್ತೇನೆ, ಶನಿವಾರದಿಂದ ಕಳಿಸಿ ಎಂದೆ. ಅವರು ಕೈಯ ಹಿಟ್ಟು ಉಜ್ಜಿ ಉಜ್ಜಿ ಉದುರಿಸಿದರು.

"ನೀವು ಕಟ್ಟಿದ್ರೆ ಊರು ಏನನ್ನತ್ತೆ, ಟೀಚರಮ್ಮ? ಮುದುಕಿ ಕೊಟ್ಟಿರ್ಲಿಲ್ಲ, ಕ್ಯಾಪ್ಟನ್ ಕರುಣೆ ತೋರಿದ್ಲು ಅನ್ನತ್ತೆ. ನನ್ನ ಮಗು ಜೀವಮಾನವೆಲ್ಲ ಆ ಕರುಣೆ ಹೊತ್ಕೊಂಡು ಡ್ರಮ್ ಹೊಡೀಬೇಕಾ? ನಾನು ಕೊಟ್ಟಿದೀನಿ. ಕೊಟ್ಟಿದಾಳೆ ಅಂತ ಹೇಳಿ. ನಾಲ್ಕು ಜನರ ಎದುರಿಗೆ ಇಲ್ಲ ಅಂದ್ರಲ್ಲ, ನಾಲ್ಕು ಜನರ ಎದುರಿಗೇ ಹೌದು ಅನ್ನಿ."

ಕಾಣಿಕೆಯ ಹಣ ಬೇರೆ, ಶುಲ್ಕ ಬೇರೆ, ಲೆಕ್ಕದಲ್ಲಿ ಹಾಗೆ ಬರೆಯಲಾಗದು ಎಂದು ವಿವರಿಸಿದೆ. ಅವರು ಮತ್ತೆ ಹಿಟ್ಟು ನಾದತೊಡಗಿದರು. ಹೊರಗೆ ಮನ್ಸಾ ತೊಟ್ಟಿಯ ಪಕ್ಕ ಕೂತು ಬೆರಳಿನಿಂದ ಅದರ ಅಂಚನ್ನು ಬಡಿಯುತ್ತಿದ್ದಳು. ಮೆರವಣಿಗೆಯ ತಾಳ. ನನ್ನನ್ನು ಕಂಡು ನಿಲ್ಲಿಸಿದಳು.

ಹಣ ಹಾಗೇ ವಾಪಸ್ ತಂದಿದ್ದೇನೆ. ನಾಚಿಕೆ ಆಯಿತು.

ಗುರುವಾರ, ಜುಲೈ 25

ಪಾದ್ರಿಗಳಿಗೂ ಎಲ್ಲ ಹೇಳಿದೆ. ಜುಬಿಲಿ ಕಳೆಯಲಿ, ಆಮೇಲೆ ನೋಡೋಣ ಎಂದರು. ಹೆಸರುಗಳು ಪ್ರಾಂತ ಕಚೇರಿಗೆ ಸೋಮವಾರ ಹೋಗಲೇಬೇಕು. ಕಳೆದ ಮೇಲೆ ನೋಡಲು ಏನಿರುತ್ತದೆ.

ತರಗತಿಯಲ್ಲಿ ಇಬ್ಬರು ಮಕ್ಕಳನ್ನು ಕಾರಣವಿಲ್ಲದೆ ಗದರಿದೆ.

ಭಾನುವಾರ, ಜುಲೈ 28

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಬೆಳಗಿನ ಮೆರವಣಿಗೆ ಕಡಲ ದಂಡೆಯಿಂದ ಚರ್ಚಿನವರೆಗೆ ಹೇಗೋ ನಡೆಯಿತು. ದೊಡ್ಡ ಡ್ರಮ್ ಒಂದು ಕಡೆ, ಕಾಲುಗಳು ಇನ್ನೊಂದು ಕಡೆ. ಊರಿಗೆ ಊರೇ ಬಂದಿತ್ತು. ನಾನಾ ಎಸಿಯವರೂ ಬಂದಿದ್ದರು, ಕೊನೆಯ ಬೆಂಚಿನಲ್ಲಿ, ಬಿಳಿ ಬಟ್ಟೆಯಲ್ಲಿ. ಇವತ್ತು ಮಕ್ಕಳಿಗೂ ಪಾಠವಿರಲಿಲ್ಲ. ಮನ್ಸಾ ಟೋಪಿಯಿಲ್ಲದೆ ಅವರ ಪಕ್ಕದಲ್ಲಿ ಕೂತಿದ್ದಳು.

ಬಟ್ಟಲುಗಳು ಬಂದವು. ಮೊದಲು ಸೋಮವಾರ ಎಂದು ಕೂಗಿದರು. ನಾನು ಎದ್ದೆ. ನಿನ್ನ ವಾರ ಅಲ್ಲ ಕಣೇ ಎಂದು ಕ್ವೇಸಿ ತೋಳು ಎಳೆದ. ಬಿಡಿಸಿಕೊಂಡು ಸಾಲಿಗೆ ಹೋದೆ, ಪೂರ್ತಿ ಸಮವಸ್ತ್ರದಲ್ಲಿ. ಕರವಸ್ತ್ರ ಬೀಸಬೇಕೆಂದಿರಲಿಲ್ಲ, ಬ್ಯಾಂಡ್ ಬಾರಿಸುವಾಗ ಕೈ ತಾನಾಗಿ ಎದ್ದಿತು. ಬುಧವಾರದ ಎಕುವಾ ಸೋಮವಾರದವರ ಜೊತೆ ಕುಣಿಯುತ್ತಿದ್ದಾಳೆ ಎಂದು ಜನ ನಕ್ಕರು. ಆ ನಗು ಬೆನ್ನಿಗೆ ಹೇಗೆ ತಾಗುತ್ತದೆ ಎಂದು ಇವತ್ತು ತಿಳಿಯಿತು. ನಾನಾ ಎಸಿಯವರು ಪ್ರತಿ ವಾರ ಅದನ್ನು ದಾಟಿಕೊಂಡು ಹೋಗಿದ್ದರು.

ಎಲ್ಲರೂ ಹಾಕಿ ಮುಗಿಸುವವರೆಗೆ ಬದಿಗೆ ನಿಂತೆ. ಆಮೇಲೆ ಬಟ್ಟಲಿಗೆ ಕೈ ಹಾಕಿದೆ. ನಗು ನಿಂತಿತು, ಬ್ಯಾಂಡ್ ನಿಂತಿತು. ಅಮಿಸಾ ಎದ್ದು ನಿಂತದ್ದು ಕಂಡಿತು. ನೂರಿಪ್ಪತ್ತು ಸೆಡಿ ಎಲ್ಲರಿಗೂ ಕಾಣುವಂತೆ ಒಂದೊಂದಾಗಿ ಎಣಿಸಿ ತೆಗೆದು, ಎತ್ತಿ ಹಿಡಿದೆ. ಮೈಕು ಬೇಕಾಗಲಿಲ್ಲ.

"ಇದು ನಾನಾ ಎಸಿಯವರು ಈಸ್ಟರಿಂದ ಈ ಬಟ್ಟಲಿಗೆ ಹಾಕಿದ ದುಡ್ಡು. ಅಜೋವಾ ಮನ್ಸಾನ ಫೀಸು. ಅವರು ಪೂರ್ತಿ ಕೊಟ್ಟಿದಾರೆ, ನಿಮ್ಮೆಲ್ಲರ ಎದುರಿಗೇ ಕೊಟ್ಟಿದಾರೆ. ಕೊಟ್ಟಿಲ್ಲ ಅಂದೋಳು ನಾನು. ನಾನಂದಿದ್ದು ಸುಳ್ಳು."

ಇದು ದೇವರ ಹಣ ಎಂದು ಅಮಿಸಾ ಅಂದರು. ಆಗ ಬೆಂಟಿಲ್ ಹಿಂದಿನಿಂದ, "ಬಟ್ಟಲು ಸೋಮವಾರದೋರದ್ದು, ನಮ್ಮ ಒಪ್ಪಿಗೆ ಇದೆ" ಎಂದ. ಪುಣ್ಯಾತ್ಮ. ಪಾದ್ರಿಗಳು ಕೆಳಗೆ ನೋಡುತ್ತ ಮಂಗಳವಾರದವರು ಬರಲಿ ಎಂದರು.

ಕೊನೆಯದು ಭಾನುವಾರ. ನಾನಾ ಎಸಿಯವರು ಎದ್ದರು. ಹಿಂದಿನ ಬೆಂಚಿನಿಂದ ಮುಂದಿನವರೆಗೆ, ತಮ್ಮ ಸ್ವಂತ ವಾರದವರ ಸಾಲಿನಲ್ಲಿ, ಕರವಸ್ತ್ರ ಬೀಸುತ್ತ ಕುಣಿದುಕೊಂಡು ಬಂದರು. ಕೈಯಲ್ಲಿ ಎಲೆಯ ಪೊಟ್ಟಣವಿತ್ತು. ಅವರ ಹಿಂದೆ ಕುಣಿಯುತ್ತಿದ್ದ ಕ್ವೇಸಿಯ ಕಣ್ಣು ಒದ್ದೆಯಾಗಿತ್ತು, ಧೂಳು ಎಂದು ಈಗಲೂ ಹೇಳುತ್ತಿದ್ದಾನೆ. ನನ್ನ ಪಕ್ಕ ಹಾದುಹೋಗುವಾಗ ಅವರು ನನ್ನನ್ನು ನೋಡಲಿಲ್ಲ. ಅದೂ ಸರಿಯೇ.

ಸಂಜೆ ಕಡಲ ದಂಡೆಗೆ ವಾಪಸ್ ಮೆರವಣಿಗೆ. ಮನ್ಸಾಳ ಟೋಪಿ ಸಭಾಂಗಣದ ಕಪಾಟಿನಲ್ಲಿತ್ತು, ತರಲು ಪುರಸೊತ್ತಿರಲಿಲ್ಲ. ಮನ್ಸಾ ಬರಿ ತಲೆಯಲ್ಲೇ ದೊಡ್ಡ ಡ್ರಮ್ ಹೊಡೆದಳು. ಮೊದಲ ಪೆಟ್ಟಿಗೇ ಇಡೀ ಸಾಲಿನ ಕಾಲು ಸರಿಹೋಯಿತು. ಮೂರನೆಯ ತಿರುವಿನಲ್ಲಿ ನೋಡಿದರೆ ಪನ್ಯಿನ್ ಪಕ್ಕದಲ್ಲಿ ಇನ್ನೊಬ್ಬಳು ಪನ್ಯಿನ್ ನಡೆಯುತ್ತಿದ್ದಳು. ನಾನು ಕಡಲ ಕಡೆ ನೋಡಿದೆ.

ಸೋಮವಾರ, ಜುಲೈ 29

ಹೆಸರುಗಳನ್ನು ಕಳಿಸಿದೆ. ಹೊಡೆದು ಹಾಕಿದ್ದ ಆರನ್ನೂ ಸೇರಿಸಿ. ಮನ್ಸಾಳದು ಪೂರ್ತಿ ಸಂದಿದೆ ಎಂದು ಬರೆದೆ, ಕಾಕ್ರಾ ಮತ್ತು ಉಳಿದ ನಾಲ್ವರದು ಬಾಕಿ. ಕೇಪ್‌ಕೋಸ್ಟಿನಲ್ಲಿ ಮತ್ತೆ ಓದುತ್ತಾರೆ, ಓದಲಿ, ಕುರ್ಚಿ ಗೊತ್ತಿದ್ದದ್ದೇ.

ಮಧ್ಯಾಹ್ನ ಮನ್ಸಾ ನಾಲ್ಕು ಬಿಸಿ ಕೆಂಕೆ ತಂದಳು. ತಟ್ಟೆಗೆ ಇಳಿಸಿ, ಹಿಮ್ಮಡಿ ಜೋಡಿಸಿ ನಿಂತು, ನಾಲ್ಕರ ದುಡ್ಡೂ ತಗೊಂಡು ಬಾ ಅಂದ್ರು ನಾನಾ ಎಂದು ಕೈಯೊಡ್ಡಿದಳು. ಪೂರ್ತಿ ಕೊಟ್ಟೆ. ರಸೀದಿ ಕೇಳಲಿಲ್ಲ.

ಹಿರಿಯರ ಸಭೆ ಇವತ್ತು ಸಂಜೆ. ಬಟ್ಟಲಿಗೆ ಕೈ ಹಾಕಿದ ಬಗ್ಗೆ ವಿವರಣೆ ಕೊಡಬೇಕೆಂದು ಅಮಿಸಾ ಹೇಳಿಕಳಿಸಿದ್ದಾರೆ. ಮನ್ಸಾ ಹೋದ ಮೇಲೆ ನನ್ನ ಟೋಪಿಯನ್ನು ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿದೆ. ಹಳೆ ಪತ್ರಿಕೆಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಿದ್ದೇನೆ.